ಪ್ರಶ್ನೆ ಕೇಳಲು ಕಲಿಸಿದ ಎಚ್ಚೆನ್ ಮೇಷ್ಟ್ರು

ದಾವಣಗೆರೆಯ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸುವಾಗ ನಮ್ಮ ಮನೆಗಳಲ್ಲಿ ಫೀಸಿನ ಚಿಂತೆಯ ಜೊತೆ ಇನ್ನೊಂದು ಚಿಂತೆಯೂ ಇರ್ತದೆ. ಓದಿ ಓದಿ ಮಗ ಈಮಾನ್ ಕಳಕೊಂಡರೆ? ಹರಿಹರದಲ್ಲಿ ರೂಮು ಮಾಡಿಕೊಂಡ ಮಗಳು ಊರಿಗೆ ಬಂದವಳೇ ನಮಾಝ್ ಯಾಕೆ ಅಂತ ಕೇಳಿದರೆ? ಈ ಭಯ ಇರುವವರು ಡಾ. ಎಚ್. ನರಸಿಂಹಯ್ಯನವರ ಬದುಕನ್ನು ಒಮ್ಮೆ ನೋಡಬೇಕು ಅಂತ ನಮಗನಿಸುತ್ತದೆ. ಅವರು ನಮ್ಮ ಧರ್ಮದವರಲ್ಲ, ಪವಾಡ ನಂಬುವವರಂತೂ ಅಲ್ಲವೇ ಅಲ್ಲ.

ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ. ತಾಯಿ ಕೂಲಿ ಮಾಡುತ್ತಿದ್ದವರು. ಹೈಸ್ಕೂಲು ಸೇರಲು ಬಸ್ಸಿಗೆ ಕಾಸಿಲ್ಲದೆ ಹುಡುಗ ಎರಡು ದಿನ ನಡೆದು ಬೆಂಗಳೂರು ಮುಟ್ಟಿದ. ಕ್ವಿಟ್ ಇಂಡಿಯಾ ಚಳವಳಿಗೆ ಓದು ಬಿಟ್ಟು ಜೈಲಿಗೂ ಹೋದ. ಆಮೇಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟು. ವಾಪಸು ಬಂದವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರವಾರವೂ ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬಂದು ಕೂತು ಕೇಳಬಹುದಿತ್ತು.

ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1976ರಲ್ಲಿ. ಆಗ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾರಿಗೆ ಮೂರು ಪತ್ರ ಬರೆದರು. ನಮ್ಮೆದುರು ಮಾಡಿ ತೋರಿಸಿ ಎಂಬುದಷ್ಟೇ ಅದರ ಸಾರ. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯ್ತು, ಮರುವರ್ಷ ಸಮಿತಿಯೇ ಮುಚ್ಚಿತು.

ಇದನ್ನು ಓದಿ ನಾವು ಬೇರೆಯವರ ಬಾಬಾ ಅಂತ ನಗಬೇಕಾಗಿಲ್ಲ. ತಾಯತ ಕಟ್ಟಿ, ನೀರು ಮಂತ್ರಿಸಿ ಕೊಟ್ಟು, ಜಿನ್ನ್ ಬಿಡಿಸುತ್ತೇವೆಂದು ದುಡ್ಡು ಕೀಳುವವರು ನಮ್ಮ ಬೀದಿಯಲ್ಲೂ ಇದ್ದಾರಲ್ಲ! ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯದೆ ಅವರಲ್ಲಿಗೆ ಓಡುವವರಿಗೆ, ಮನೆಯಲ್ಲಿ ಓದಿದ ಮಗಳೊಬ್ಬಳು ಯಾಕೆ ಅಂತ ಕೇಳಿದರೆ ಏನು ನಷ್ಟ? ನಮಾಝಿನ ಬಗ್ಗೆ ಕೇಳಿದರೂ ಗದರುವ ಬದಲು ಉತ್ತರ ಗೊತ್ತಿರುವ ಉಸ್ತಾದರ ಹತ್ತಿರ ಕಳಿಸಬಹುದು. ಇಮಾಮ್ ಗಝಾಲಿಯವರೂ ಸಂಶಯದ ಕಾಲ ದಾಟಿದವರೇ. 1095ರಲ್ಲಿ ಬಗ್ದಾದಿನ ನಿಝಾಮಿಯಾದ ದೊಡ್ಡ ಹುದ್ದೆ ಬಿಟ್ಟು ಹೊರಟರು. ಗದರಿದರೆ ಮಕ್ಕಳ ಬಾಯಿ ಮುಚ್ಚೀತು, ಸಂಶಯ ಒಳಗೇ ಇರ್ತದೆ.

ಎಚ್ಚೆನ್ ಮದುವೆಯಾಗಲಿಲ್ಲ. ಖಾದಿ ತೊಟ್ಟು ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ ಗೌರಿಬಿದನೂರು, ಬಾಗೇಪಲ್ಲಿಗಳಂಥ ಕಡೆಗೂ ಕಾಲೇಜು ಒಯ್ದರು. 2005ರ ಜನವರಿ 31ರಂದು ತೀರಿಕೊಂಡರು. ಅವರು ನಡೆದು ಬಂದ ದಾರಿಯ ಹಳ್ಳಿಮಕ್ಕಳಿಗೆ ಈಗ ಗೌರಿಬಿದನೂರಿನಲ್ಲೇ ಕಾಲೇಜು ಸಿಗುತ್ತದೆ.