ವ್ಯಾಕರಣಕಾರ ಕಿಟ್ಟೆಲ್ಲರು

ಕಿಟ್ಟೆಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅವರ ನಿಘಂಟು. ನಾನು ಇಲ್ಲಿ ಹೇಳಹೊರಟಿರುವುದು ವ್ಯಾಕರಣಕಾರ ಕಿಟ್ಟೆಲ್ಲರ ಸಂಗತಿ. ಇಂಗ್ಲಿಷ್ ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಹಣೆಯ ಬೆವರೊರೆಸಿಕೊಳ್ಳುವ ನಮ್ಮಂಥ ವಿದ್ಯಾರ್ಥಿಗಳಿಗೆ ಅದು ಹೆಚ್ಚು ಹತ್ತಿರದ್ದು.

ಫರ್ಡಿನಾಂಡ್ ಕಿಟ್ಟೆಲ್ಲರು ೧೮೩೨ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರದ ಕಡಲಂಚಿನ ಸೀಮೆಯಲ್ಲಿ ಜನಿಸಿದರು. ತಂದೆ ಪಾದ್ರಿಗಳು. ಮಗನೂ ೧೮೫೦ರಲ್ಲಿ ಬಾಸೆಲ್ ಮಿಷನ್ನನ್ನು ಸೇರಿ, ೧೮೫೩ರಲ್ಲಿ ಹಿಂದುಸ್ಥಾನಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂದು, ನಾವು ಬಿ.ಎ. ಮುಗಿಸುವ ಪ್ರಾಯ! ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ನೆಲಸಿದರು. ಬಂದದ್ದು ಧರ್ಮಪ್ರಸಾರಕ್ಕೆ, ಮನಸ್ಸು ನೆಟ್ಟದ್ದು ಕನ್ನಡದಲ್ಲಿ. ಮಿಷನ್ನಿನ ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ಆದರೂ ಅವರು ಹಿಡಿದ ಕೆಲಸ ಬಿಡಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿ ಸಂಪಾದಿಸಿ ಪ್ರಕಟಿಸಿದರು. ೧೮೭೭ರಲ್ಲಿ ಸ್ವದೇಶಕ್ಕೆ ಮರಳಿದವರು ೧೮೮೩ರಲ್ಲಿ ನಿಘಂಟಿನ ಸಲುವಾಗಿ ಪುನಃ ಬಂದರು. ೧೮೯೨ರಲ್ಲಿ ಕೊನೆಯ ಬಾರಿಗೆ ಈ ನೆಲವನ್ನು ಬಿಟ್ಟರು. ಸುಮಾರು ೭೦,೦೦೦ ಶಬ್ದಗಳ ಆ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೯೬ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ವಿಶ್ರಾಂತಿ ಪಡೆಯುತ್ತಿದ್ದರು. ಇವರು ಮುಪ್ಪಿನಲ್ಲಿ ಕನ್ನಡದ ವ್ಯಾಕರಣವನ್ನು ಬರೆಯಲು ಕುಳಿತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಆ ಗ್ರಂಥ ೧೯೦೩ರಲ್ಲಿ ಹೊರಬಂದಿತು. ಬರೆದದ್ದು ಇಂಗ್ಲಿಷಿನಲ್ಲಿ. ಮಾತೃಭಾಷೆ ಜರ್ಮನ್, ವಿವರಿಸಿದ್ದು ಕನ್ನಡ, ವಿವರಿಸಿದ ಭಾಷೆ ಇಂಗ್ಲಿಷ್! ಇಂಗ್ಲಿಷ್ ಅವರಿಗೂ ಪರಭಾಷೆಯೇ ಆಗಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬಹುದಾಗಿತ್ತು. ಅವರಾದರೋ ಕೇಶಿರಾಜನನ್ನೇ ಮುಖ್ಯ ಆಧಾರವಾಗಿಟ್ಟುಕೊಂಡರು.

ನಾನು ಬಸವನ ಬಾಗೇವಾಡಿ ಸೀಮೆಯ ಮಸೂತಿಯವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನೌನ್, ಪ್ರೋನೌನ್, ವರ್ಬ್ ಎಂದು ಎಂಟು ಪದವಿಭಾಗಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ. ಹೆಸರು ಬರುತ್ತಿತ್ತು, ಕೆಲಸ ತಿಳಿಯುತ್ತಿರಲಿಲ್ಲ. ಕಿಟ್ಟೆಲ್ಲರ ವ್ಯಾಕರಣವನ್ನು ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದ ಮೇಲೆ ಒಂದು ಉಪಾಯ ಹೊಳೆಯಿತು. ಅವರು ಇಂಗ್ಲಿಷ್ ಬಲ್ಲವರಿಗೆ ಕನ್ನಡದ ದಾರಿ ತೋರಿಸಿದ್ದಾರೆ; ಅದೇ ದಾರಿಯಲ್ಲಿ ಹಿಂದಿರುಗಿ ನಡೆದರೆ ಇಂಗ್ಲಿಷಿಗೆ ಹೋಗಿ ಮುಟ್ಟಬಾರದೇಕೆ?

ಹೊಲಕ್ಕೆ, ಹೊಲದಿಂದ, ಹೊಲದಲ್ಲಿ ಎನ್ನುವಾಗ ನಮ್ಮ ವಿಭಕ್ತಿಪ್ರತ್ಯಯವು ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಟು, ಫ್ರಮ್, ಇನ್ ಎಂಬ ಬಿಡಿಪದಗಳು ನಾಮಪದದ ಮುಂದೆ ನಿಂತು ಮಾಡುತ್ತವೆ. ಪ್ರಿಪೊಸಿಷನ್ ಎಂಬ ಹೆಸರಿನ ಅರ್ಥವೂ ಮುಂದೆ ಇಟ್ಟದ್ದು ಎಂದೇ. ಇನ್ನು ಕ್ರಿಯಾಪದ. ನಮ್ಮೂರಲ್ಲಿ ಬಂದಾನ, ಬಂದಾಳ, ಬಂದೈತಿ ಎಂದರೆ ಬಂದದ್ದು ಗಂಡೋ ಹೆಣ್ಣೋ ಎತ್ತೋ ಎಂದು ಕೇಳಬೇಕಾಗಿಲ್ಲ. ಇಂಗ್ಲಿಷಿನವರ ಹ್ಯಾಜ್ ಕಮ್ ಮೂವರಿಗೂ ಒಂದೇ. ಆದುದರಿಂದಲೇ ಹಿ, ಶಿ, ಇಟ್ ಎಂಬ ಸರ್ವನಾಮಗಳನ್ನು ಅಲ್ಲಿ ಬಿಡುವಂತಿಲ್ಲ. ನಮ್ಮಲ್ಲಿ ಬಿಟ್ಟರೂ ನಡೆಯುತ್ತದೆ. ಮಾಡನು ಎಂಬಲ್ಲಿ ನಿಷೇಧವು ಕ್ರಿಯಾಪದದ ಒಡಲಲ್ಲಿಯೇ ಅಡಗಿದೆ. ಅದನ್ನು ಇಂಗ್ಲಿಷಿಗೆ ತರಬೇಕಾದರೆ ಡಸ್ ಎಂಬ ಸಹಾಯಕನನ್ನು ಕರೆದು ಪಕ್ಕಕ್ಕೆ ನಾಟ್ ಎಂಬುದನ್ನು ಕೂಡಿಸಬೇಕು.

ಗ್ರಂಥವು ಸುಲಭವೆಂದು ನಾನು ಹೇಳಲಾರೆ. ಸೂಕ್ಷ್ಮಗಳು ಒತ್ತೊತ್ತಾಗಿವೆ; ಒಂದು ಪುಟಕ್ಕೆ ಒಂದು ಸಂಜೆ ಹೋದದ್ದುಂಟು. ಆದರೆ ವಾಕ್ಯವೊಂದನ್ನು ಬಿಡಿಸುವಾಗ ಈಗ ನಾನು ಮೊದಲು ಕೇಳುವ ಪ್ರಶ್ನೆ ಈ ಪದದ ಹೆಸರೇನು ಎಂದಲ್ಲ, ಇದು ಇಲ್ಲಿ ಏನು ಮಾಡುತ್ತಿದೆ ಎಂದು.

ವ್ಯಾಕರಣ ಪ್ರಕಟವಾದ ೧೯೦೩ರ ಡಿಸೆಂಬರಿನಲ್ಲಿಯೇ ಕಿಟ್ಟೆಲ್ಲರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತೊಂದು ವರ್ಷ.