ಮೊದಲ ಸರದಿ ಯಾರದು?

ಕಳೆದ ತಿಂಗಳು ನಮ್ಮ ತರಗತಿಯ ಆರು ಮಂದಿ ಬಿಡುವಿನ ವೇಳೆಯಲ್ಲಿ ಸ್ಕ್ರ್ಯಾಬಲ್ ಪಂದ್ಯ ಇಟ್ಟುಕೊಂಡಿದ್ದೆವು. ಎಲ್ಲರೂ ಎಲ್ಲರೊಡನೆ ಆಡಬೇಕು, ಅಂದರೆ ಒಬ್ಬರಿಗೆ ಐದು ಆಟ. ನನಗೆ ಐದರಲ್ಲಿ ನಾಲ್ಕು ಸಲ ಎರಡನೇ ಸರದಿಯೇ ಬಂತು. ಸೋತೆ. ಸೋಲಿಗೆ ಅದೇ ಕಾರಣವೆಂದು ವಾದಿಸಿದಾಗ ಗೆಳತಿಯರು ನಕ್ಕರು. ಆ ಸಿಟ್ಟಿನಲ್ಲೇ ಈ ಆಟ ಕಂಡುಹಿಡಿದವರ ಬಗ್ಗೆ ಹುಡುಕಿ ಓದಿದೆ.

ಅವರು ಆಲ್‌ಫ್ರೆಡ್ ಮೋಷರ್ ಬಟ್ಸ್. 1899ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೌಕೀಪ್ಸಿಯಲ್ಲಿ ಹುಟ್ಟಿದವರು, ವೃತ್ತಿಯಿಂದ ವಾಸ್ತುಶಿಲ್ಪಿ. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1931ರಲ್ಲಿ, ಕೆಲಸ ಹೋಯಿತು. ಮನೆಯಲ್ಲಿ ಕೂತ ಮನುಷ್ಯ ಜಾಣ್ಮೆಯೂ ಅದೃಷ್ಟವೂ ಬೆರೆತ ಆಟವೊಂದನ್ನು ಮಾಡಹೊರಟರು. ದಿನಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಾರೆ ಎಣಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ನೆನಪಿರಲಿ! ಈಗ ಆಟದಲ್ಲಿರುವ 100 ಬಿಲ್ಲೆಗಳಲ್ಲಿ ‘ಇ’ 12, ಅದಕ್ಕೆ ಒಂದೇ ಅಂಕ. ‘ಕ್ಯೂ’ ಒಂದೇ, ಅದಕ್ಕೆ 10 ಅಂಕ. ‘ಎಸ್’ ನಾಲ್ಕೇ ನಾಲ್ಕು. ಇಲ್ಲದಿದ್ದರೆ ಸಿಕ್ಕ ಪದಕ್ಕೆಲ್ಲ ಬಾಲ ಅಂಟಿಸಿ ಬಹುವಚನ ಮಾಡಿಬಿಡುತ್ತೇವಲ್ಲ.

ಆಟದ ಕಂಪನಿಗಳು ಬೇಡವೆಂದವು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು ಹಕ್ಕು ಪಡೆದು, ನಿಯಮ ಸರಳಗೊಳಿಸಿ, ಸ್ಕ್ರ್ಯಾಬಲ್ ಎಂದು ಹೆಸರಿಟ್ಟರು. ಮೊದಮೊದಲು ಅವರಿಗೂ ನಷ್ಟವೇ. 1950ರ ದಶಕದಲ್ಲಿ ಆಟ ಮನೆಮಾತಾಯಿತು. ಬಟ್ಸ್ ಅವರಿಗೆ ಸೆಟ್ಟಿಗೆ ಕೆಲವೇ ಸೆಂಟ್ ಸಿಗುತ್ತಿತ್ತು. 1993ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟೆಲ್ಲ ಎಣಿಸಿದವರ ಆಟದಲ್ಲೂ ಒಂದು ಅಸಮತೆ ಉಳಿದಿದೆ. ಮೊದಲ ಪದ ನಡುವಿನ ನಕ್ಷತ್ರದ ಮನೆಯನ್ನು ಮುಟ್ಟಲೇಬೇಕು. ಆ ಮನೆ ಪದದ ಅಂಕವನ್ನು ಇಮ್ಮಡಿ ಮಾಡುತ್ತದೆ. ಆ ಲಾಭ ಮೊದಲು ಆಡುವವರಿಗಷ್ಟೇ. ಮನೆಯಲ್ಲಾದರೆ ಒಂದೊಂದು ಬಿಲ್ಲೆ ತೆಗೆದು, ‘ಎ’ಗೆ ಹತ್ತಿರವಿದ್ದವರು ಶುರು ಮಾಡುತ್ತಾರೆ. ದೊಡ್ಡ ಪಂದ್ಯಾವಳಿಗಳಲ್ಲಿ ಹಾಗೆ ಬಿಡುವುದಿಲ್ಲ. ಯಾರು ಎಷ್ಟು ಸಲ ಮೊದಲು ಆಡಿದ್ದಾರೆಂದು ಲೆಕ್ಕ ಇಟ್ಟು, ಕಡಿಮೆ ಸಲ ಆಡಿದವರಿಗೆ ಸರದಿ ಕೊಡುತ್ತಾರೆ. ನನ್ನ ವಾದ ಪೂರ್ತಿ ಹುಚ್ಚೇನಲ್ಲ!

ಇದನ್ನು ತೋರಿಸಿದ ಮೇಲೆ ಮುಂದಿನ ಪಂದ್ಯದ ಪಟ್ಟಿ ಮಾಡುವ ಕೆಲಸ ನನ್ನ ತಲೆಗೇ ಬಂತು. ಆರು ಮಂದಿಗೆ ಒಟ್ಟು 15 ಆಟ, 15 ಮೊದಲ ಸರದಿ. ಹೇಗೆ ಹಂಚಿದರೂ ಸಮ ಬರುವುದಿಲ್ಲ: ಮೂವರಿಗೆ ಮೂರು, ಮೂವರಿಗೆ ಎರಡು. ಆ ಎರಡರ ಗುಂಪಿಗೆ ಯಾರು ಎಂದು ಕೇಳಿದೆ. ಯಾರೂ ಕೈಯೆತ್ತಲಿಲ್ಲ. ಕೊನೆಗೆ ಚೀಲ ತಂದು ಬಿಲ್ಲೆ ತೆಗೆದೆವು. ನನಗೆ ‘ಜೆಡ್’ ಬಂತು.