ಗೋಪುರಗಳ ಗುಟ್ಟನ್ನು ಬಿಡಿಸಿದ ಜಾರ್ಜ್ ಪೆಟ್ರಿ

ಐರ್ಲೆಂಡ್ ದೇಶದಲ್ಲಿ ಸಂಚರಿಸುವವರಿಗೆ ನದೀತೀರಗಳಲ್ಲಿಯೂ ಬಯಲುಗಳಲ್ಲಿಯೂ ಒಂದು ಬಗೆಯ ಕಲ್ಲಿನ ಗೋಪುರಗಳು ಕಾಣಸಿಗುತ್ತವೆ. ಅವು ದುಂಡಾಗಿದ್ದು, ಮೇಲೇರಿದಂತೆ ಕಿರಿದಾಗುತ್ತ, ಕೆಲವೆಡೆ 100 ಅಡಿಗಳವರೆಗೆ ಎದ್ದು ನಿಂತಿವೆ. ನೆತ್ತಿಯ ಮೇಲೆ ಕಲ್ಲಿನದೇ ಆದ ಚೂಪು ಮುಚ್ಚಿಗೆ. ಬಾಗಿಲಾದರೋ ನೆಲದ ಮಟ್ಟದಲ್ಲಿರದೆ, ಏಣಿಯಿಟ್ಟು ಹತ್ತಬೇಕಾದಷ್ಟು ಎತ್ತರದಲ್ಲಿದೆ. ಇಂತಹ ಸುಮಾರು 65 ಗೋಪುರಗಳು, ಕೆಲವು ಪೂರ್ಣವಾಗಿಯೂ ಕೆಲವು ಮುರಿದೂ, ಇಂದಿಗೂ ಉಳಿದಿವೆ. ಇವನ್ನು ಕಟ್ಟಿದವರಾರು? ಏತಕ್ಕಾಗಿ ಕಟ್ಟಿದರು? ಬಹುಕಾಲ ಇದೊಂದು ಒಗಟಾಗಿತ್ತು. ಅದನ್ನು ಬಿಡಿಸಿದವನು ಯಾವ ರಾಜನೂ ಅಲ್ಲ, ದೊಡ್ಡ ವಿದ್ಯಾಪೀಠದ ಪಂಡಿತನೂ ಅಲ್ಲ. ಜಾರ್ಜ್ ಪೆಟ್ರಿ ಎಂಬ ಚಿತ್ರಕಾರ.

ಪೆಟ್ರಿಯು 1790ರಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದನು. ತಂದೆ ಜೇಮ್ಸ್ ಪೆಟ್ರಿ ಜನರ ಕಿರುಚಿತ್ರಗಳನ್ನು ಬರೆದು ಜೀವಿಸುತ್ತಿದ್ದವನು. ಹಳೆಯ ನಾಣ್ಯಗಳಲ್ಲಿಯೂ ಪ್ರಾಚೀನ ವಸ್ತುಗಳಲ್ಲಿಯೂ ಅವನಿಗೆ ಆಸಕ್ತಿಯಿತ್ತು. ಮಗನಿಗೆ ಕುಂಚದ ಕೈಚಳಕವೂ ಹಳೆಯದರ ಮೇಲಣ ಪ್ರೀತಿಯೂ ಮನೆಯಲ್ಲಿಯೇ ದೊರೆತವು. ಡಬ್ಲಿನ್ನಿನ ಚಿತ್ರಕಲಾಶಾಲೆಯಲ್ಲಿ ಅವನು ಅಭ್ಯಾಸ ಮಾಡಿದನು. ಮುಂದೆ ಪ್ರವಾಸ ಗ್ರಂಥಗಳಿಗೆ ದೃಶ್ಯಗಳನ್ನು ಬರೆದುಕೊಡುವುದು ಅವನ ವೃತ್ತಿಯಾಯಿತು. ಈ ಕೆಲಸಕ್ಕಾಗಿ ಊರೂರು ತಿರುಗುವಾಗ ಪಾಳುಬಿದ್ದ ಮಠಗಳು ಅವನ ಮನಸ್ಸನ್ನು ಸೆರೆಹಿಡಿದವು.

ಅವುಗಳಲ್ಲಿ ಶ್ಯಾನನ್ ನದಿಯ ದಡದಲ್ಲಿರುವ ಕ್ಲೊನ್‌ಮಕ್‌ನಾಯ್ಸ್ ಎಂಬುದು ಮುಖ್ಯವಾದದ್ದು. 6ನೆಯ ಶತಮಾನದಲ್ಲಿ ಕೀರನ್ ಎಂಬ ಸಂತನು ಸ್ಥಾಪಿಸಿದ ಆ ಮಠವು ಮುಂದೆ ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆಯಿತು. ಪೆಟ್ರಿ ಅಲ್ಲಿಗೆ ಹೋದಾಗ ಹುಲ್ಲಿನ ನಡುವೆ ಚರ್ಚುಗಳ ಗೋಡೆಗಳು, ಎರಡು ದುಂಡು ಗೋಪುರಗಳು, ಕೆತ್ತನೆಯ ಶಿಲುಬೆಗಳು, ಸಮಾಧಿಯ ಕಲ್ಲುಗಳು ಮಾತ್ರ ಉಳಿದಿದ್ದವು. ಸತ್ತವನ ಹೆಸರನ್ನು ಹೇಳಿ ಅವನಿಗಾಗಿ ಪ್ರಾರ್ಥಿಸಿರೆಂದು ಬೇಡುವ ಕಿರು ಬರಹಗಳು ಆ ಕಲ್ಲುಗಳ ಮೇಲಿದ್ದವು. ಕಲ್ಲುಗಳು ದಿನದಿನಕ್ಕೆ ಸವೆಯುತ್ತಿದ್ದವು, ಒಡೆಯುತ್ತಿದ್ದವು. ಪೆಟ್ರಿ ಅವುಗಳ ಮುಂದೆ ಕುಳಿತು, ಒಂದೊಂದು ಅಕ್ಷರವನ್ನೂ ಇದ್ದುದು ಇದ್ದಂತೆ ಕಾಗದದ ಮೇಲೆ ಬರೆದುಕೊಂಡನು.

ಅಲ್ಲಿನ ಮರಳುಗಲ್ಲಿನ ಎತ್ತರದ ಶಿಲುಬೆಯೊಂದರ ಮೈತುಂಬ ಬೈಬಲಿನ ಕಥೆಗಳ ಕೆತ್ತನೆಯಿದೆ. ಅದರ ಬುಡದಲ್ಲಿ ಮಸುಕಾದ ಬರಹವಿತ್ತು. ಅದರಲ್ಲಿ ಫ್ಲಾನ್ ಎಂಬ ರಾಜನ ಮತ್ತು ಕೊಲ್ಮನ್ ಎಂಬ ಮಠಾಧಿಪತಿಯ ಹೆಸರುಗಳನ್ನು ಪೆಟ್ರಿ ಗುರುತಿಸಿದನು. ಇವರಿಬ್ಬರೂ 10ನೆಯ ಶತಮಾನದ ಆದಿಯಲ್ಲಿದ್ದರೆಂದು ವೃತ್ತಾಂತಗಳು ಹೇಳುತ್ತವೆ. ಮೂಕವಾಗಿದ್ದ ಕಲ್ಲಿಗೆ ಹೀಗೆ ಕಾಲವೂ ಒಡೆಯರೂ ದೊರೆತರು.

ಆದರೆ ದುಂಡು ಗೋಪುರಗಳ ಮೇಲೆ ಇಂತಹ ಬರಹಗಳಿರಲಿಲ್ಲ. ಆದುದರಿಂದ ಊಹೆಗಳಿಗೆ ಲಗಾಮಿರಲಿಲ್ಲ. ಸಮುದ್ರದಾಚೆಯಿಂದ ಬಂದ ಡೇನರು ಕಟ್ಟಿದರೆಂದು ಕೆಲವರು, ಫಿನೀಷಿಯನ್ನರೆಂದು ಕೆಲವರು, ಅಗ್ನಿಪೂಜಕರ ಗುಡಿಗಳೆಂದು ಇನ್ನು ಕೆಲವರು ವಾದಿಸಿದರು. ಹೆನ್ರಿ ಓಬ್ರಿಯನ್ ಎಂಬಾತನು ಬೌದ್ಧಧರ್ಮದವರೆಗೂ ಸಂಬಂಧ ಕಲ್ಪಿಸಿದನು. ಊಹೆಗಳು ಬಗೆಬಗೆಯಾಗಿದ್ದರೂ ಅವುಗಳಲ್ಲಿ ಹಲವಕ್ಕೆ ಒಂದು ಸಾಮಾನ್ಯ ಅಂಶವಿತ್ತು. ಆಂಗ್ಲರು ಬರುವ ಮುನ್ನ ಐರಿಷ್ ಜನರಿಗೆ ಕಲ್ಲುಗಾರೆಗಳಿಂದ ಇಂತಹುದನ್ನು ಕಟ್ಟುವ ಶಕ್ತಿಯಿರಲಿಲ್ಲವೆಂಬ ಭಾವನೆಯೇ ಅದು. ಒಂದು ಜನಾಂಗದ ಕೈಕೆಲಸದ ಕೀರ್ತಿಯು ಹೀಗೆ ಪರರ ಪಾಲಾಗುತ್ತಿತ್ತು.

ರಾಯಲ್ ಐರಿಷ್ ಅಕಾಡೆಮಿಯು ಈ ವಿಷಯದ ಮೇಲೆ ಪ್ರಬಂಧಸ್ಪರ್ಧೆಯನ್ನು ಏರ್ಪಡಿಸಿತು. 1833ರಲ್ಲಿ ಚಿನ್ನದ ಪದಕವೂ 50 ಪೌಂಡುಗಳ ಬಹುಮಾನವೂ ಪೆಟ್ರಿಗೆ ಸಂದವು. ಓಬ್ರಿಯನ್ನನಿಗೆ 20 ಪೌಂಡು ದೊರೆಯಿತು. ಅವನು ಅಸಮಾಧಾನಗೊಂಡು ಮರುವರ್ಷವೇ ತನ್ನ ಗ್ರಂಥವನ್ನು ಹೊರತಂದನು. ಪೆಟ್ರಿ ಮಾತ್ರ ಅವಸರಪಡಲಿಲ್ಲ. ಮತ್ತೆ ಮತ್ತೆ ಸ್ಥಳಗಳಿಗೆ ಹೋಗಿ ಅಳೆದನು, ಚಿತ್ರಿಸಿದನು, ಹಳೆಯ ಬರಹಗಳೊಡನೆ ತಾಳೆ ನೋಡಿದನು. ಗೆಳೆಯರು ತಾಳ್ಮೆಗೆಟ್ಟರೂ ಅವನ ಗ್ರಂಥವು ಹೊರಬಂದುದು 12 ವರ್ಷಗಳ ಅನಂತರ, 1845ರಲ್ಲಿ.

ಅವನ ವಾದ ಸರಳವಾಗಿತ್ತು. ಈ ಗೋಪುರಗಳು ಇರುವುದು ಹಳೆಯ ಮಠಗಳ, ಚರ್ಚುಗಳ ಆವರಣಗಳಲ್ಲಿಯೇ. ಅವುಗಳ ಬಾಗಿಲು ಕಿಟಕಿಗಳ ರೀತಿಯೂ ಕಲ್ಲುಕೆಲಸವೂ ಆ ಚರ್ಚುಗಳದರಂತೆಯೇ ಇವೆ. ಡೊನಮೋರ್ ಎಂಬಲ್ಲಿ ಬಾಗಿಲಿನ ಮೇಲೆ ಶಿಲುಬೆಗೇರಿದ ಕ್ರಿಸ್ತನ ಶಿಲ್ಪವೇ ಇದೆ. ನೆತ್ತಿಯ ಬಳಿ ಸಾಮಾನ್ಯವಾಗಿ ನಾಲ್ಕು ದಿಕ್ಕಿಗೂ ಕಿಟಕಿಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಐರಿಷ್ ಭಾಷೆಯಲ್ಲಿ ಇವುಗಳ ಹೆಸರಿಗೆ ಗಂಟೆಯ ಮನೆಯೆಂದೇ ಅರ್ಥ. ಕ್ರಿ.ಶ. 950ರಲ್ಲಿ ಸ್ಲೇನ್ ಎಂಬ ಊರಿನ ಗಂಟೆಮನೆಯನ್ನು ಸಮುದ್ರದಾಳಿಕಾರರು ಸುಟ್ಟರೆಂದು ವೃತ್ತಾಂತಗಳಲ್ಲಿ ಬರೆದಿದೆ. ಆದ್ದರಿಂದ ಅವು ಮಠದ ಸಂನ್ಯಾಸಿಗಳ ಗಂಟೆಗೋಪುರಗಳು. ಅಪಾಯದಲ್ಲಿ ಆಶ್ರಯವೂ ಆಗಿದ್ದವು ಎಂದು ಪೆಟ್ರಿ ತೀರ್ಮಾನಿಸಿದನು. ಕಟ್ಟಿದವರು ಪರದೇಶದವರಲ್ಲ, ಆ ನಾಡಿನವರೇ.

ವೃತ್ತಾಂತಗಳ ಬೆಲೆ ಅವನಿಗೆ ಚೆನ್ನಾಗಿ ತಿಳಿದಿತ್ತು. 1632ರಿಂದ 1636ರವರೆಗೆ ಫ್ರಾನ್ಸಿಸ್ಕನ್ ಸಂನ್ಯಾಸಿ ಮೈಕೆಲ್ ಓ ಕ್ಲೆರಿಯೂ ಅವನ ಸಂಗಡಿಗರೂ ಹಳೆಯ ಬರಹಗಳನ್ನೆಲ್ಲ ಕೂಡಿಸಿ ಐರ್ಲೆಂಡಿನ ಇತಿಹಾಸವನ್ನು ಬರೆದಿದ್ದರು. ಅದರ ಉತ್ತರಭಾಗದ ಮೂಲ ಹಸ್ತಪ್ರತಿಯು 1831ರಲ್ಲಿ ಮಾರಾಟಕ್ಕೆ ಬಂದಿತು. ಪೆಟ್ರಿ ಅದನ್ನು ಕೊಂಡನು. ಹೆಚ್ಚಿನ ಬೆಲೆ ಬರುವಂತಿದ್ದರೂ ಲಾಭಕ್ಕೆ ಆಶಿಸದೆ, ಕೊಂಡ ಬೆಲೆಗೇ ಅಕಾಡೆಮಿಗೆ ಒಪ್ಪಿಸಿದನು.

ಸರಕಾರದ ಭೂಮಾಪನ ಇಲಾಖೆಯಲ್ಲಿ ಊರುಗಳ ಹೆಸರು, ಅವಶೇಷ, ಐತಿಹ್ಯಗಳನ್ನು ಸಂಗ್ರಹಿಸುವ ಶಾಖೆಗೂ ಪೆಟ್ರಿ ಮುಖ್ಯಸ್ಥನಾಗಿದ್ದನು. ಐರಿಷ್ ಭಾಷಾವಿದ್ವಾಂಸರಾದ ಜಾನ್ ಓಡೊನವನ್ ಮತ್ತು ಯೂಜೀನ್ ಓಕರಿ ಅಲ್ಲಿ ಅವನ ಸಹೋದ್ಯೋಗಿಗಳು. ವೆಚ್ಚ ಹೆಚ್ಚಾಯಿತೆಂದು 1842ರಲ್ಲಿ ಆ ಕೆಲಸ ನಿಂತುಹೋಯಿತು. ಪೆಟ್ರಿ ಪಿಟೀಲು ವಾದಕನೂ ಆಗಿದ್ದನು. 1845ರಿಂದ ಬಂದೊದಗಿದ ಭೀಕರ ಕ್ಷಾಮದಲ್ಲಿ ಹಳ್ಳಿಗಳು ಬರಿದಾಗಿ ಹಾಡುಗಳೂ ಅಡಗಿದವು. ತಾನು ಕೂಡಿಸಿದ್ದ ಜನಪದ ರಾಗಗಳಲ್ಲಿ ಒಂದು ಭಾಗವನ್ನು ಅವನು 1855ರಲ್ಲಿ ಅಚ್ಚುಮಾಡಿಸಿದನು. 1866ರ ಜನವರಿ 17ರಂದು ಅವನು ತೀರಿಕೊಂಡನು. ಅವನು ಸಂಗ್ರಹಿಸಿದ ಪ್ರಾಚೀನ ವಸ್ತುಗಳು ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಪೆಟ್ರಿಯ ಎಲ್ಲ ಮಾತೂ ನಿಂತಿಲ್ಲ. ಕೆಲವು ಗೋಪುರಗಳನ್ನು ಅವನು ನಿಜಕ್ಕಿಂತ ಹಳೆಯವೆಂದು ಎಣಿಸಿದ್ದನು. ಅವು 10ನೆಯ ಶತಮಾನದಿಂದ 12ನೆಯ ಶತಮಾನದವರೆಗಿನವು ಎಂಬುದು ಇಂದಿನ ವಿದ್ವಾಂಸರ ಮತ. ಅವು ಆಶ್ರಯಸ್ಥಾನಗಳಾಗಿದ್ದವೆಂಬುದನ್ನೂ ಈಗ ಹಲವರು ಶಂಕಿಸುತ್ತಾರೆ. ಆದರೆ ಆ ತಿದ್ದುಪಡಿಗಳು ನಡೆದುದೂ ಅವನು ತೋರಿಸಿದ ದಾರಿಯಲ್ಲಿಯೇ. ಹೇಳುವ ಮೊದಲು ನೋಡಬೇಕು, ನೋಡಿದುದನ್ನು ಅಳೆಯಬೇಕು, ಅಳೆದುದನ್ನು ಬರಹದೊಡನೆ ಹೋಲಿಸಬೇಕು. ವಿದ್ಯಾರ್ಥಿಗಳಾದ ನಾವು ಒಂದು ಹಳೆಯ ಗೋಡೆಯ ಮುಂದೆ ನಿಂತಾಗ, ಅದರ ವಿಷಯವಾಗಿ ಯಾರೋ ಹೇಳಿದ ಕಥೆಯನ್ನು ನಂಬುವ ಮುನ್ನ ಜಾರ್ಜ್ ಪೆಟ್ರಿಯನ್ನು ಒಮ್ಮೆ ನೆನೆಯೋಣ.